ರೋಮಿನ ಒಂದು ಪ್ಲೆಬಿಯನ್ ಮನೆತನ: ಮೆಟೆಲ್ಲಸರ ಏಳುಬೀಳು

ರೋಮಿನ ಇತಿಹಾಸವನ್ನು ಓದಿದವರಿಗೆಲ್ಲ ಎರಡು ಪದಗಳು ನೆನಪಿನಲ್ಲಿರುತ್ತವೆ. ಒಂದು ಪೆಟ್ರೀಷಿಯನ್, ಇನ್ನೊಂದು ಪ್ಲೆಬಿಯನ್. ಮೊದಲನೆಯವರು ಶ್ರೀಮಂತರು, ಎರಡನೆಯವರು ಬಡವರು ಎಂದು ಪರೀಕ್ಷೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಅಂಕ ಪಡೆದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಆದರೆ ಆ ಉತ್ತರ ಪೂರ್ತಿ ಸರಿಯಲ್ಲ. ಕ್ರಿ.ಪೂ. 1ನೆಯ ಶತಮಾನದಲ್ಲಿ ರೋಮಿನ ಮಹಾ ಧನಿಕನೆಂದು ಹೆಸರಾಗಿದ್ದ ಕ್ರಾಸಸ್ ಪ್ಲೆಬಿಯನ್. ಮೂರು ಖಂಡಗಳಲ್ಲಿ ವಿಜಯೋತ್ಸವ ಗಳಿಸಿದ ಪಾಂಪೆ ಪ್ಲೆಬಿಯನ್. ಅದೇ ಕಾಲದಲ್ಲಿ ಸಾಲಗಾರರ ಕಾಟಕ್ಕೆ ಸಿಕ್ಕಿ ಒದ್ದಾಡುತ್ತಿದ್ದ ಯುವಕ ಜೂಲಿಯಸ್ ಸೀಸರ್ ಮಾತ್ರ ಅಪ್ಪಟ ಪೆಟ್ರೀಷಿಯನ್!

ಹಾಗಾದರೆ ಪ್ಲೆಬಿಯನ್ ಎಂದರೆ ಯಾರು? ಅದು ಹಣದ ಲೆಕ್ಕವಲ್ಲ, ಹುಟ್ಟಿನ ಲೆಕ್ಕ. ಪೆಟ್ರೀಷಿಯನ್ ಎನಿಸಿಕೊಂಡ ಕೆಲವು ಹಳೆಯ ಕುಲಗಳನ್ನು ಬಿಟ್ಟರೆ ಉಳಿದ ರೋಮನ್ ಪ್ರಜೆಗಳೆಲ್ಲರೂ ಪ್ಲೆಬಿಯನ್ನರೇ. ಸಾಲದಲ್ಲಿ ಮುಳುಗಿದ ರೈತನೂ ಅವನೇ, ನೂರಾರು ಎಕರೆ ಹೊಲದ ಒಡೆಯನೂ ಅವನೇ. ಈ ಮಾತು ಒಂದು ಮನೆತನದ ಕಥೆಯನ್ನು ಹಿಡಿದು ಹೊರಟರೆ ಸುಲಭವಾಗಿ ತಿಳಿಯುತ್ತದೆ. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಕೇಸಿಲಿಯಸ್ ಕುಲದ ಮೆಟೆಲ್ಲಸ್ ಮನೆತನವನ್ನು. ಕಿರುತೆರೆಯ ಭಾಷಣದಲ್ಲಿ ರೋಮನ್ ಹೆಸರುಗಳು ಕಿವಿಗೆ ಬಿದ್ದ ಮರುಕ್ಷಣವೇ ಜಾರಿಹೋಗುತ್ತವೆ. ಇಲ್ಲಿ ಅವನ್ನು ನಿಧಾನವಾಗಿ ಓದಿಕೊಳ್ಳಬಹುದು. ಈ ಮನೆಯಲ್ಲಿ ತಂದೆ, ಮಗ, ಮೊಮ್ಮಗ ಹೀಗೆ ಹೆಚ್ಚಿನವರಿಗೆ ಕ್ವಿಂಟಸ್ ಅಥವಾ ಲೂಸಿಯಸ್ ಎಂಬುದೇ ಹೆಸರು. ಗೆದ್ದ ನಾಡಿನಿಂದ ಪಡೆದ ಬಿರುದುಗಳು ಇಲ್ಲದೆ ಹೋಗಿದ್ದರೆ ಇತಿಹಾಸಕಾರರ ಗತಿ ಏನಾಗುತ್ತಿತ್ತೋ!

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಕ್ರಿ.ಪೂ. 509ರಲ್ಲಿ ರಾಜನನ್ನು ಓಡಿಸಿ ಗಣರಾಜ್ಯ ಸ್ಥಾಪಿಸಿಕೊಂಡ ಮೇಲೆ ರೋಮಿನ ಅಧಿಕಾರವೆಲ್ಲ ಪೆಟ್ರೀಷಿಯನ್ನರ ಕೈಗೆ ಬಂದಿತು. ಸಾಲ ತೀರಿಸಲಾಗದ ಪ್ರಜೆಯನ್ನು ಸಾಲ ಕೊಟ್ಟವನು ಸೆರೆಯಲ್ಲಿಡಬಹುದಾಗಿತ್ತು. ಕ್ರಿ.ಪೂ. 494ರಲ್ಲಿ ಪ್ಲೆಬಿಯನ್ ಸೈನಿಕರು ಊರು ಬಿಟ್ಟು ಪವಿತ್ರ ಬೆಟ್ಟದ ಮೇಲೆ ಹೋಗಿ ಕುಳಿತರು ಎಂದು ರೋಮನರ ಪರಂಪರೆ ಹೇಳುತ್ತದೆ. ಸೈನ್ಯವೇ ಎದ್ದು ಹೋದರೆ ಊರನ್ನು ಕಾಯುವವರಾರು? ಒಪ್ಪಂದವಾಯಿತು. ಆಗ ಹುಟ್ಟಿದ ಹುದ್ದೆಯೇ ಟ್ರಿಬ್ಯೂನ್. ಪ್ಲೆಬಿಯನ್ನರೇ ಆರಿಸುವ, ಪ್ಲೆಬಿಯನ್ನನೇ ಆಗಿರಬೇಕಾದ ಈ ಅಧಿಕಾರಿಯ ಮೈಮುಟ್ಟುವುದು ದೈವದ್ರೋಹ. ಅವನು ತಡೆ ಎಂದರೆ ಕಾನ್ಸಲನ ಆಜ್ಞೆಯೂ ನಿಲ್ಲಬೇಕು. ಈ ಹುದ್ದೆಯನ್ನು ಓದುಗರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಮೆಟೆಲ್ಲಸರ ಕಥೆಯಲ್ಲಿ ಅದು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ.

ಮುಂದಿನ ಎರಡು ಶತಮಾನಗಳ ಹೋರಾಟವನ್ನು ಬೇಗ ದಾಟಿಬಿಡೋಣ. ಕ್ರಿ.ಪೂ. 445ರಲ್ಲಿ ಎರಡು ವರ್ಗಗಳ ನಡುವೆ ಮದುವೆಗೆ ಅನುಮತಿ ದೊರೆಯಿತು. 367ರ ಶಾಸನದಿಂದ ಕಾನ್ಸಲ್ ಪದವಿ ಪ್ಲೆಬಿಯನ್ನರಿಗೂ ತೆರೆಯಿತು. ಕ್ರಿ.ಪೂ. 300ರಲ್ಲಿ ಪುರೋಹಿತ ಪದವಿಗಳು ಸಿಕ್ಕಿದವು. 287ರ ಹೊರ್ಟೆನ್ಸಿಯಸನ ಶಾಸನದಿಂದ ಪ್ಲೆಬಿಯನ್ ಸಭೆಯ ತೀರ್ಮಾನವು ಇಡೀ ರೋಮಿಗೆ ಕಾನೂನಾಯಿತು. ಇದಾದ ಮೂರೇ ವರ್ಷಕ್ಕೆ, ಅಂದರೆ 284ರಲ್ಲಿ, ಲೂಸಿಯಸ್ ಕೇಸಿಲಿಯಸ್ ಮೆಟೆಲ್ಲಸ್ ಡೆಂಟರ್ ಎಂಬಾತ ಕಾನ್ಸಲ್ ಆದ. ಈ ಮನೆಯಲ್ಲಿ ಆ ಪದವಿಗೆ ಏರಿದವರಲ್ಲಿ ಇವನೇ ಮೊದಲಿಗ. ಪಾಪ, ಗಾಲ್ ಜನರೊಡನೆ ಅರೇಟಿಯಂ ಬಳಿ ನಡೆದ ಕಾಳಗದಲ್ಲಿ ಸೋತು ಅಲ್ಲಿಯೇ ಮಡಿದ.

ಅವನ ಹಿಂದಿನವರು ಯಾರು? ಮೆಟೆಲ್ಲಸ್ ಎಂಬ ಪದಕ್ಕೆ ಕೂಲಿಗೆ ದುಡಿಯುವ ಸೈನಿಕ ಎಂಬಂಥ ಅರ್ಥವನ್ನು ಹಳೆಯ ಲ್ಯಾಟಿನ್ ನಿಘಂಟುಕಾರರು ಕೊಡುತ್ತಾರೆ. ಮನೆತನ ದೊಡ್ಡದಾದ ಮೇಲೆ ಈ ಮೂಲ ಯಾರಿಗೆ ರುಚಿಸುತ್ತದೆ? ಅಗ್ನಿದೇವ ವಲ್ಕನನ ಮಗನಾದ ಕೇಕುಲಸ್ ಎಂಬ ವೀರನೇ ಕುಲದ ಮೂಲಪುರುಷನೆಂಬ ಕಥೆ ಹುಟ್ಟಿಕೊಂಡಿತು. ಟ್ರಾಯ್ ನಗರದಿಂದ ಈನಿಯಸನ ಜೊತೆ ಬಂದ ಕೇಕಸ್ ಎಂಬುವನು ಮೂಲಪುರುಷನೆಂದು ಇನ್ನೊಂದು ಕಥೆ. ಸಿರಿ ಬಂದ ಮೇಲೆ ವಂಶಾವಳಿಯೂ ಹಿಂದಕ್ಕೆ ಬೆಳೆಯುವುದು ರೋಮಿಗೆ ಮಾತ್ರ ಸೀಮಿತವಾದ ವಿಷಯವೇನಲ್ಲ.

ಮನೆತನಕ್ಕೆ ನಿಜವಾದ ಹೆಸರು ತಂದವನು ಕ್ರಿ.ಪೂ. 251ರ ಕಾನ್ಸಲ್ ಲೂಸಿಯಸ್ ಮೆಟೆಲ್ಲಸ್. ಆಗ ಕಾರ್ಥೇಜಿನೊಡನೆ ಮೊದಲನೆಯ ಪ್ಯೂನಿಕ್ ಯುದ್ಧ ನಡೆಯುತ್ತಿತ್ತು. ಕೆಲವು ವರ್ಷ ಹಿಂದೆ ಆಫ್ರಿಕದಲ್ಲಿ ಆನೆಗಳ ಕಾಲ್ತುಳಿತಕ್ಕೆ ಸಿಕ್ಕಿ ನಾಶವಾಗಿದ್ದ ರೋಮನ್ ಸೈನ್ಯದಲ್ಲಿ ಆನೆ ಎಂದರೆ ನಡುಕ. ಸಿಸಿಲಿಯ ಪನೋರ್ಮಸ್ ನಗರದಲ್ಲಿದ್ದ (ಇಂದಿನ ಪಲೆರ್ಮೊ) ಮೆಟೆಲ್ಲಸ್ ಕೋಟೆಯ ಮುಂದೆ ಕಂದಕ ತೋಡಿಸಿದ. ಹಗುರ ಆಯುಧದ ಸೈನಿಕರನ್ನು ಹೊರಗೆ ಕಳಿಸಿ, ಈಟಿ ಎಸೆದು ಆನೆಗಳನ್ನು ಕೆಣಕಿ ಓಡಿಬಂದು ಕಂದಕಕ್ಕೆ ಇಳಿಯುವಂತೆ ಆಜ್ಞಾಪಿಸಿದ. ಕೆರಳಿದ ಆನೆಗಳು ಕಂದಕದ ಅಂಚಿಗೆ ಬಂದು ನಿಂತಾಗ ಮೇಲಿನಿಂದ ಈಟಿಗಳ ಮಳೆ. ಗಾಯಗೊಂಡ ಪ್ರಾಣಿಗಳು ಹಿಂದಕ್ಕೆ ತಿರುಗಿ ತಮ್ಮ ಸೈನ್ಯವನ್ನೇ ತುಳಿದವು. ಆ ಕ್ಷಣದಲ್ಲಿ ಬಾಗಿಲು ತೆರೆದು ಮೆಟೆಲ್ಲಸ್ ಮೇಲೆ ಬಿದ್ದ.

ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಈ ಯುದ್ಧವನ್ನು ವರ್ಣಿಸುವಾಗ ಹತ್ತು ಆನೆಗಳು ‘ಇಂಡಿಯನ್ನರ’ ಸಮೇತ ಸೆರೆ ಸಿಕ್ಕವು ಎನ್ನುತ್ತಾನೆ. ಇದನ್ನು ಓದಿ ನಮ್ಮವರು ಅಲ್ಲಿಗೆ ಹೋಗಿದ್ದರೆಂದು ಹಿಗ್ಗಬೇಕಾಗಿಲ್ಲ. ಆನೆ ನಡೆಸುವ ವಿದ್ಯೆ ಭಾರತದಿಂದ ಬಂದದ್ದರಿಂದ ಗ್ರೀಕರು ಯಾವ ದೇಶದ ಮಾವುತನನ್ನೂ ಇಂಡಿಯನ್ ಎಂದೇ ಕರೆಯುತ್ತಿದ್ದರು.

ಇಷ್ಟು ಆನೆಗಳನ್ನು ಸಮುದ್ರ ದಾಟಿಸುವುದು ಹೇಗೆ? ಸಾಲಾಗಿ ಕಟ್ಟಿದ ದೊಡ್ಡ ಜಾಡಿಗಳ ಮೇಲೆ ತೆಪ್ಪ ಹಾಸಿ ದಾಟಿಸಿದರೆಂದು ಪ್ಲಿನಿ ಬರೆಯುತ್ತಾನೆ. ಅವನ ಪ್ರಕಾರ ಆನೆಗಳ ಸಂಖ್ಯೆ 142, ಕೆಲವರು ಹೇಳುವಂತೆ 140. ವಿಜಯೋತ್ಸವ ಮುಗಿದ ಮೇಲೆ ಅವುಗಳಿಂದ ಏನು ಮಾಡಬೇಕೆಂದು ರೋಮಿಗೆ ತಿಳಿಯಲಿಲ್ಲ. ಸಾಕುವ ಮನಸ್ಸಿಲ್ಲ, ಬೇರೆ ರಾಜರಿಗೆ ಕೊಡುವ ಧೈರ್ಯವಿಲ್ಲ. ಸರ್ಕಸ್ ಅಂಗಳದಲ್ಲಿ ಈಟಿಯಿಂದ ಕೊಂದರೆಂದು ಒಬ್ಬ ಲೇಖಕ, ಮೊಂಡು ಕೋಲು ಹಿಡಿದ ಕೂಲಿಯವರಿಂದ ಅಂಗಳದಲ್ಲಿ ಓಡಿಸಿ ಜನರ ಅಂಜಿಕೆ ಬಿಡಿಸಿದರೆಂದು ಇನ್ನೊಬ್ಬ. ಅಂದಿನಿಂದ ಆನೆ ಮೆಟೆಲ್ಲಸರ ಮನೆಯ ಗುರುತಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಈ ಮನೆಯವರು ಟಂಕಸಾಲೆಯ ಅಧಿಕಾರಿಗಳಾಗಿ ಅಚ್ಚು ಹಾಕಿಸಿದ ಬೆಳ್ಳಿಯ ನಾಣ್ಯಗಳಲ್ಲಿ ಆನೆಯ ತಲೆಯನ್ನೋ, ಆನೆಗಳು ಎಳೆಯುವ ರಥವನ್ನೋ ಕಾಣಬಹುದು.

ಇದೇ ಲೂಸಿಯಸ್ ಕ್ರಿ.ಪೂ. 243ರಲ್ಲಿ ಮಹಾಪುರೋಹಿತನೂ ಆದ. ಒಂದು ಕಾಲದಲ್ಲಿ ದೇವರ ಶಕುನ ಕೇಳುವ ಅರ್ಹತೆಯೇ ಪ್ಲೆಬಿಯನ್ನರಿಗಿಲ್ಲ ಎಂದು ವಾದಿಸಿದ್ದ ನಗರ ಅದು! 241ರಲ್ಲಿ ವೆಸ್ಟಾ ದೇವಿಯ ಗುಡಿಗೆ ಬೆಂಕಿ ಬಿದ್ದಾಗ ಅವನು ಒಳಗೆ ನುಗ್ಗಿ ಪವಿತ್ರ ವಸ್ತುಗಳನ್ನು ಉಳಿಸಿದ, ಆ ಬೆಂಕಿಯಲ್ಲಿ ಕಣ್ಣು ಕಳೆದುಕೊಂಡ ಎಂಬ ಕಥೆಯಿದೆ. ಕಣ್ಣಿನ ಮಾತು ನನಗೆ ನಂಬಿಕೆಯಾಗುವುದಿಲ್ಲ. ಅವನು 224ರಲ್ಲಿ ಸರ್ವಾಧಿಕಾರಿಯಾಗಿ ನೇಮಕಗೊಂಡು ಚುನಾವಣೆ ನಡೆಸಿದ್ದಾನೆ. 221ರಲ್ಲಿ ಅವನು ಸತ್ತಾಗ ಮಗ ಕ್ವಿಂಟಸ್ ಮಾಡಿದ ಶವಸಂಸ್ಕಾರದ ಭಾಷಣದ ಸಾರಾಂಶ ಉಳಿದುಬಂದಿದೆ. ವಿವೇಕಿಯಾದವನು ಬಯಸುವ ಹತ್ತು ವಿಷಯಗಳನ್ನು ತಂದೆ ಸಾಧಿಸಿದ್ದನಂತೆ. ಶ್ರೇಷ್ಠ ಯೋಧ, ಶ್ರೇಷ್ಠ ವಾಗ್ಮಿ, ದಿಟ್ಟ ಸೇನಾನಿ, ಹೀಗೆ ಸಾಗುವ ಆ ಪಟ್ಟಿಯಲ್ಲಿ ನ್ಯಾಯವಾದ ರೀತಿಯಲ್ಲಿ ಅಪಾರ ಹಣ ಗಳಿಸುವುದು ಮತ್ತು ಬಹಳ ಮಕ್ಕಳನ್ನು ಬಿಟ್ಟುಹೋಗುವುದು ಕೂಡ ಇವೆ. ಎರಡು ತಲೆಮಾರಿನ ಹಿಂದೆ ಹೆಸರಿಲ್ಲದಿದ್ದ ಮನೆಯ ಬಯಕೆಗಳು ಇವು ಎಂಬುದನ್ನು ಗಮನಿಸಬೇಕು.

ಭಾಷಣ ಮಾಡಿದ ಮಗ ಕ್ರಿ.ಪೂ. 206ರಲ್ಲಿ ಕಾನ್ಸಲ್ ಆದ. ನೀವಿಯಸ್ ಎಂಬ ನಾಟಕಕಾರ ರಂಗದ ಮೇಲಿನಿಂದ ಈ ಮನೆಯವರನ್ನು ಹಂಗಿಸಿದ. ಮೆಟೆಲ್ಲಸರು ಕಾನ್ಸಲ್ ಆಗುವುದು ವಿಧಿಯ ಆಟವೋ, ರೋಮಿನ ಕೇಡೋ ಎಂದು ಎರಡು ಅರ್ಥ ಬರುವಂತೆ ಮಾತು ಕಟ್ಟಿದ್ದ. ಮನೆಯವರೂ ಪದ್ಯದಲ್ಲೇ ಉತ್ತರ ಕೊಟ್ಟರಂತೆ, ಹೊಡೆತ ಕಾದಿದೆ ಎಂದು. ಕೊನೆಗೆ ಕವಿ ಸೆರೆಮನೆ ಸೇರಿದ. ಪ್ರಭಾವಶಾಲಿಗಳನ್ನು ಹೀಯಾಳಿಸಿ ಸೆರೆ ಬಿದ್ದ ಅವನನ್ನು ಬಿಡಿಸಿದವರು ಟ್ರಿಬ್ಯೂನರು ಎಂದು ಗೆಲಿಯಸ್ ಬರೆದಿದ್ದಾನೆ. ಕವಿಯೂ ಪ್ಲೆಬಿಯನ್, ಬಿಡಿಸಿದವರೂ ಪ್ಲೆಬಿಯನ್ನರು, ಅವನು ಹಂಗಿಸಿದ ಮನೆಯೂ ಪ್ಲೆಬಿಯನ್.

ಇಲ್ಲಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಳೆಯ ಪೆಟ್ರೀಷಿಯನ್ ಕುಲಗಳೂ ಹಣವಂತ ಪ್ಲೆಬಿಯನ್ ಕುಲಗಳೂ ಕೂಡಿ ಹೊಸದೊಂದು ಆಳುವ ವರ್ಗ ಹುಟ್ಟಿತ್ತು. ಪೂರ್ವಿಕರಲ್ಲಿ ಕಾನ್ಸಲ್ ಇದ್ದಾನೆಯೇ ಎಂಬುದೇ ಅಲ್ಲಿ ಕುಲೀನತೆಯ ಅಳತೆ. ಮನೆಯ ಮೊಗಸಾಲೆಯಲ್ಲಿ ಪೂರ್ವಿಕರ ಮೇಣದ ಮುಖವಾಡಗಳನ್ನು ಇಟ್ಟು, ಶವಯಾತ್ರೆಯ ದಿನ ಅವನ್ನು ನಟರು ಧರಿಸಿ ನಡೆಯುತ್ತಿದ್ದರು.

ಅಂಥ ಶವಯಾತ್ರೆಗಳಲ್ಲಿ ರೋಮನರು ಬಹುಕಾಲ ಮರೆಯದಿದ್ದದ್ದು ಕ್ರಿ.ಪೂ. 115ರಲ್ಲಿ ತೀರಿಕೊಂಡ ಕ್ವಿಂಟಸ್ ಮೆಟೆಲ್ಲಸ್ ಮೆಸಿಡೋನಿಕಸನದು. 148ರಲ್ಲಿ ಮೆಸಿಡೋನಿಯವನ್ನು ಗೆದ್ದು ಆ ಬಿರುದು ಪಡೆದವನು. ಅಲೆಗ್ಸಾಂಡರನ ಸಂಗಡಿಗರ 25 ಕುದುರೆ ಸವಾರರ ಕಂಚಿನ ಪ್ರತಿಮೆಗಳನ್ನು ಅಲ್ಲಿಂದ ತಂದು, ತಾನು ಕಟ್ಟಿಸಿದ ಕಂಬಸಾಲಿನ ಅಂಗಳದಲ್ಲಿ ನಿಲ್ಲಿಸಿದ. ರೋಮಿನಲ್ಲಿ ಪೂರ್ತಿ ಅಮೃತಶಿಲೆಯ ಮೊದಲ ದೇವಾಲಯವೂ ಅವನದೇ ಎನ್ನುತ್ತಾರೆ. ಅವನ ಚಟ್ಟವನ್ನು ಹೊತ್ತವರು ನಾಲ್ವರು ಗಂಡುಮಕ್ಕಳು. ಅವರಲ್ಲಿ ಮೂವರು ಆಗಲೇ ಕಾನ್ಸಲ್ ಪದವಿ ಕಂಡವರು. ನಾಲ್ಕನೆಯವನೂ ಎರಡು ವರ್ಷದಲ್ಲಿ ಆ ಪದವಿಗೆ ಏರಿದ. ಅವರ ಚಿಕ್ಕಪ್ಪನ ಮಕ್ಕಳನ್ನೂ ಸೇರಿಸಿದರೆ ಕ್ರಿ.ಪೂ. 123ರಿಂದ 109ರವರೆಗಿನ 15 ವರ್ಷಗಳಲ್ಲಿ ಆರು ಮಂದಿ ಮೆಟೆಲ್ಲಸರು ಕಾನ್ಸಲ್ ಆದರು. ಒಬ್ಬ ಬ್ಯಾಲಿಯಾರಿಕ್ ದ್ವೀಪಗಳನ್ನು ಗೆದ್ದ. ಅಲ್ಲಿನವರ ಕವಣೆಗಲ್ಲು ತಡೆಯಲು ಹಡಗುಗಳ ಮೇಲೆ ಚರ್ಮ ಹೊದಿಸಿದನಂತೆ. ಇನ್ನೊಬ್ಬ ಡಾಲ್ಮೇಷಿಯವನ್ನು ಗೆದ್ದ. ಇಬ್ಬರು ಸಹೋದರರು 111ರಲ್ಲಿ ಒಂದೇ ದಿನ ವಿಜಯೋತ್ಸವ ಆಚರಿಸಿದರು.

ಆದರೆ ಇಂಥ ಭಾಗ್ಯವಂತನ ಬದುಕಿನಲ್ಲೂ ಒಂದು ಮಧ್ಯಾಹ್ನ ಬಂದಿತ್ತು. ಕ್ರಿ.ಪೂ. 131ರಲ್ಲಿ ಅವನು ಸೆನ್ಸರ್ ಆಗಿದ್ದ. ಇಬ್ಬರು ಸೆನ್ಸರರೂ ಪ್ಲೆಬಿಯನ್ನರಾದದ್ದು ಅದೇ ಮೊದಲು. ಸೆನೆಟ್ ಸದಸ್ಯರ ಪಟ್ಟಿ ತಯಾರಿಸುವುದು ಸೆನ್ಸರನ ಕೆಲಸ. ಆ ಪಟ್ಟಿಯಿಂದ ಅವನು ಕೈಬಿಟ್ಟವರಲ್ಲಿ ಗೇಯಸ್ ಅಟಿನಿಯಸ್ ಲೇಬಿಯೊ ಎಂಬಾತ ಒಬ್ಬ. ಲೇಬಿಯೊ ಟ್ರಿಬ್ಯೂನ್ ಆದ. ನಡುಹಗಲು, ಫೋರಂ ನಿರ್ಜನವಾಗಿರುವ ಹೊತ್ತು. ಮೆಟೆಲ್ಲಸ್ ಒಬ್ಬನೇ ಮನೆಗೆ ಮರಳುತ್ತಿದ್ದ. ಟ್ರಿಬ್ಯೂನ್ ಅವನನ್ನು ಹಿಡಿದು ಟಾರ್ಪೀಯನ್ ಬಂಡೆಯತ್ತ ಎಳೆದುಕೊಂಡು ಹೊರಟ. ದ್ರೋಹಿಗಳನ್ನು ತಳ್ಳಿ ಕೊಲ್ಲುವ ಸ್ಥಳ ಅದು! ಮೆಟೆಲ್ಲಸ್ ತಿರುಗಿ ಬೀಳುವಂತಿಲ್ಲ, ಟ್ರಿಬ್ಯೂನನ ಮೈಮುಟ್ಟಿದರೆ ದೈವದ್ರೋಹ. ಮಕ್ಕಳು ಓಡಿಬಂದರೂ ಕೈ ಮಾಡುವಂತಿಲ್ಲ. ಕಿವಿಯಿಂದ ರಕ್ತ ಬರುವಂತೆ ಕುತ್ತಿಗೆ ತಿರುಚಿ ಎಳೆದಿದ್ದನೆಂದು ಪ್ಲಿನಿ ಬರೆಯುತ್ತಾನೆ. ಬಹಳ ಹುಡುಕಿದ ಮೇಲೆ ಇನ್ನೊಬ್ಬ ಟ್ರಿಬ್ಯೂನ್ ಸಿಕ್ಕಿ, ತಡೆ ಎಂದು ಹೇಳಿದ್ದರಿಂದ ಅವನ ಜೀವ ಉಳಿಯಿತು. ಬಡವರನ್ನು ದೊಡ್ಡವರಿಂದ ಕಾಪಾಡಲು ಪವಿತ್ರ ಬೆಟ್ಟದ ಮೇಲೆ ಹುಟ್ಟಿದ ಆಯುಧ, ಮೂರೂವರೆ ಶತಮಾನದ ಬಳಿಕ ರೋಮಿನ ಅತ್ಯಂತ ಯಶಸ್ವಿ ಪ್ಲೆಬಿಯನ್ನನ ಕುತ್ತಿಗೆಗೆ ಬಂದಿತ್ತು. ಅದನ್ನು ಹಿಡಿದವನು ಬಡವನೂ ಅಲ್ಲ, ಸೆನೆಟಿನ ಪೀಠ ಕಳೆದುಕೊಂಡ ಸಿಟ್ಟಿನವನು.

ಮೆಟೆಲ್ಲಸರ ಆಶ್ರಯದಲ್ಲಿ ಬೆಳೆದ ಒಂದು ಸಣ್ಣ ಮನೆಯ ಮಾತನ್ನು ಇಲ್ಲಿ ಹೇಳಬೇಕು. ಆರ್ಪಿನಂ ಊರಿನ ಗೇಯಸ್ ಮೇರಿಯಸ್, ಸಿಸಿರೊ ಹುಟ್ಟಿದ ಊರಿನವನೇ, ಮೆಟೆಲ್ಲಸರ ಬೆಂಬಲದಿಂದ 119ರಲ್ಲಿ ಟ್ರಿಬ್ಯೂನ್ ಆದ. ಮತದಾನದಲ್ಲಿ ದೊಡ್ಡವರ ಒತ್ತಡ ತಗ್ಗಿಸುವ ಮಸೂದೆಯನ್ನು ತಂದ. ಕಾನ್ಸಲ್ ಕಾಟಾ ವಿರೋಧಿಸಿದ. ಮೆಟೆಲ್ಲಸ್ ಎದ್ದು ಕಾಟಾನನ್ನು ಬೆಂಬಲಿಸಿದ. ಮೇರಿಯಸ್ ತನ್ನ ಸೇವಕನನ್ನು ಕರೆದು, ಮೆಟೆಲ್ಲಸನನ್ನು ಸೆರೆಗೆ ಒಯ್ಯಿ ಎಂದ! ಬೇರೆ ಯಾವ ಟ್ರಿಬ್ಯೂನನೂ ನೆರವಿಗೆ ಬರಲಿಲ್ಲ. ಸೆನೆಟ್ ಮಣಿಯಿತು, ಮಸೂದೆ ಕಾನೂನಾಯಿತು.

ಹತ್ತು ವರ್ಷದ ನಂತರ ಕ್ವಿಂಟಸ್ ಮೆಟೆಲ್ಲಸ್ ನ್ಯುಮಿಡಿಕಸ್ ಆಫ್ರಿಕದಲ್ಲಿ ಜುಗರ್ತನ ಮೇಲೆ ಯುದ್ಧಕ್ಕೆ ಹೊರಟಾಗ ಇದೇ ಮೇರಿಯಸನನ್ನು ಉಪಸೇನಾನಿಯಾಗಿ ಕರೆದೊಯ್ದ. ನ್ಯುಮಿಡಿಕಸ್ ಪ್ರಾಮಾಣಿಕ, ಲಂಚ ಮುಟ್ಟದವನು. ಜುಗರ್ತನ ಹಣಕ್ಕೆ ಕೈಚಾಚಿದ ಸೇನಾನಿಗಳನ್ನು ಕಂಡಿದ್ದ ರೋಮಿಗೆ ಅದೇ ದೊಡ್ಡ ಗುಣ. ಆದರೆ ಮೇರಿಯಸ್ ಕಾನ್ಸಲ್ ಚುನಾವಣೆಗೆ ನಿಲ್ಲಲು ರಜೆ ಕೇಳಿದಾಗ, ಅಷ್ಟು ಆತುರವೇಕೆ, ನನ್ನ ಮಗನ ಜೊತೆ ನಿಂತರಾಯಿತು ಎಂದುಬಿಟ್ಟ. ಆ ಮಗನಿಗೆ ಆಗ ಸುಮಾರು 20 ವರ್ಷ. ಕಾನ್ಸಲ್ ಆಗಲು ನಲವತ್ತು ದಾಟಿರಬೇಕು. ಮೇರಿಯಸನಿಗೆ ಆಗಲೇ ನಲವತ್ತರ ಮೇಲಾಗಿತ್ತು. ಎರಡು ಶತಮಾನದ ಹಿಂದೆ ಪೆಟ್ರೀಷಿಯನ್ನರು ಮೆಟೆಲ್ಲಸರ ಅಜ್ಜಂದಿರಿಗೆ ಹೇಳಿರಬಹುದಾದ ಮಾತನ್ನೇ ಈಗ ಮೆಟೆಲ್ಲಸ್ ಹೇಳಿದ್ದ. ಮೇರಿಯಸ್ ರೋಮಿಗೆ ಹೋಗಿ, ಕುಲೀನರ ಮೇಣದ ಮುಖವಾಡಗಳಿಗಿಂತ ತನ್ನ ಎದೆಯ ಗಾಯದ ಗುರುತುಗಳೇ ದೊಡ್ಡ ವಂಶಾವಳಿ ಎಂಬ ಧಾಟಿಯಲ್ಲಿ ಜನರ ಮನ ಗೆದ್ದ. 107ರಲ್ಲಿ ಕಾನ್ಸಲ್ ಆಗಿ, ತನ್ನ ಪೋಷಕನ ಕೈಯಿಂದಲೇ ಯುದ್ಧವನ್ನು ಕಿತ್ತುಕೊಂಡ. ಕ್ರಿ.ಪೂ. 100ರಲ್ಲಿ ಸ್ಯಾಟರ್ನಿನಸ್ ಎಂಬ ಟ್ರಿಬ್ಯೂನ್ ತಂದ ಭೂಮಿ ಶಾಸನಕ್ಕೆ ಎಲ್ಲ ಸೆನೆಟರುಗಳೂ ಪ್ರಮಾಣ ಮಾಡಬೇಕಾಗಿ ಬಂದಿತು. ನ್ಯುಮಿಡಿಕಸ್ ಒಪ್ಪದೆ ದೇಶಬಿಟ್ಟು ಹೋದ. ಅವನನ್ನು ಮರಳಿ ಕರೆಸಲು ಮಗ ಬೀದಿಯಲ್ಲಿ ಕಂಡಕಂಡವರ ಮುಂದೆ ಅತ್ತು ಬೇಡಿದ್ದರಿಂದ ಅವನಿಗೆ ಪಿಯಸ್, ಅಂದರೆ ಪಿತೃಭಕ್ತ, ಎಂಬ ಹೆಸರು ನಿಂತಿತು. ಮೇರಿಯಸನ ಜೊತೆ ಚುನಾವಣೆಗೆ ನಿಲ್ಲಲಿ ಎಂದು ತಂದೆ ಹಾಸ್ಯ ಮಾಡಿದ ಹುಡುಗ ಅವನೇ.

ಮನೆಯ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ರೋಮನರಲ್ಲಿ ಮಗಳಿಗೆ ಕುಲದ ಹೆಸರೇ ಹೆಸರು. ಹೀಗಾಗಿ ಎಲ್ಲರೂ ಕೇಸಿಲಿಯಾ ಮೆಟೆಲ್ಲಾ. ಒಬ್ಬಳು ಸೆನೆಟಿನ ಹಿರಿಯ ಸ್ಕೌರಸನನ್ನೂ ಅವನ ನಂತರ ಸರ್ವಾಧಿಕಾರಿ ಸುಲ್ಲನನ್ನೂ ಮದುವೆಯಾದಳು. ಸಾಯುವ ಸ್ಥಿತಿಯಲ್ಲಿದ್ದಾಗ, ಮನೆಗೆ ಸಾವಿನ ಸೂತಕ ತಾಗಬಾರದೆಂದು ಪುರೋಹಿತರು ಹೇಳಿದ್ದಕ್ಕೆ ಸುಲ್ಲ ಅವಳಿಗೆ ವಿಚ್ಛೇದನ ಕೊಟ್ಟು ಬೇರೆ ಮನೆಗೆ ಸಾಗಿಸಿದ. ಇನ್ನೊಬ್ಬಳು, ಬ್ಯಾಲಿಯಾರಿಕಸನ ಮಗಳು, ಸುಲ್ಲನ ಆಪ್ತರ ದ್ವೇಷಕ್ಕೆ ಸಿಕ್ಕ ರೋಸಿಯಸ್ ಎಂಬ ಯುವಕನಿಗೆ ತನ್ನ ಮನೆಯಲ್ಲಿ ಆಸರೆ ಕೊಟ್ಟಳು. ಕ್ರಿ.ಪೂ. 80ರಲ್ಲಿ ಅವನ ಪರವಾಗಿ ವಾದಿಸಿಯೇ ಸಿಸಿರೊ ಹೆಸರಾದದ್ದು.

ಕ್ರಿ.ಪೂ. 60ರ ಕಾನ್ಸಲ್ ಮೆಟೆಲ್ಲಸ್ ಸೆಲರನ ಹೆಸರು ನಮ್ಮ ದೇಶದ ಹೆಸರಿನೊಡನೆ ಒಮ್ಮೆ ಸೇರಿ ಬರುತ್ತದೆ. ಅವನು ಗಾಲ್ ಪ್ರಾಂತದಲ್ಲಿದ್ದಾಗ ಜರ್ಮನ್ ರಾಜನೊಬ್ಬ ಕೆಲವು ಭಾರತೀಯರನ್ನು ಉಡುಗೊರೆಯಾಗಿ ಕಳಿಸಿದನಂತೆ. ವ್ಯಾಪಾರಕ್ಕೆ ಹೊರಟು ಬಿರುಗಾಳಿಗೆ ಸಿಕ್ಕು ಉತ್ತರದ ತೀರ ಸೇರಿದವರೆಂದು ಪ್ಲಿನಿಯ ಬರಹ. ಅವರು ನಿಜವಾಗಿ ಯಾವ ನಾಡಿನವರೋ ಎಂದು ವಿದ್ವಾಂಸರು ಇಂದಿಗೂ ತಲೆ ಕೆರೆದುಕೊಳ್ಳುತ್ತಾರೆ. ಪಾಂಪೆಯ ಸೈನಿಕರಿಗೆ ಜಮೀನು ಕೊಡುವ ಮಸೂದೆಯನ್ನು ಸೆಲರ್ ವಿರೋಧಿಸಿದಾಗ ಟ್ರಿಬ್ಯೂನ್ ಫ್ಲೇವಿಯಸ್ ಅವನನ್ನು ಸೆರೆಮನೆಗೆ ಹಾಕಿಸಿದ. ಸೆಲರ್ ಸೆನೆಟನ್ನು ಅಲ್ಲಿಗೇ ಕರೆದ. ಯಾರೂ ಒಳಗೆ ಹೋಗದಂತೆ ಟ್ರಿಬ್ಯೂನ್ ಬಾಗಿಲಿಗೆ ತನ್ನ ಪೀಠವನ್ನು ಅಡ್ಡ ಇಟ್ಟು ಕುಳಿತ. ಹಾಗಾದರೆ ಗೋಡೆ ಒಡೆಯಿರಿ, ಸದಸ್ಯರು ಅಲ್ಲಿಂದ ಬರಲಿ ಎಂದ ಕಾನ್ಸಲ್! ಕೊನೆಗೆ ಪಾಂಪೆಯೇ ನಾಚಿಕೊಂಡು ಟ್ರಿಬ್ಯೂನನನ್ನು ಎಬ್ಬಿಸಬೇಕಾಯಿತು. ಸೆಲರನ ಹೆಂಡತಿಯ ತಮ್ಮ ಕ್ಲೋಡಿಯಸ್ ಮುಂದಿನ ವರ್ಷ ಇನ್ನೊಂದು ವಿಚಿತ್ರ ನಡೆಸಿದ. ಪೆಟ್ರೀಷಿಯನ್ನನಾದ ಅವನು ತನಗಿಂತ ಕಿರಿಯ ಪ್ಲೆಬಿಯನ್ ಒಬ್ಬನಿಗೆ ದತ್ತು ಹೋಗಿ ಪ್ಲೆಬಿಯನ್ ಆದ. ಟ್ರಿಬ್ಯೂನ್ ಹುದ್ದೆ ಬೇಕಾಗಿತ್ತು, ಅಷ್ಟೆ. ಮೇಲೇರಲು ಹೆಣಗಿದ್ದ ಕುಲಗಳ ಊರಿನಲ್ಲಿ ಈಗ ಕೆಳಗಿಳಿಯಲು ಅರ್ಜಿ!

ಕ್ರಿ.ಪೂ. 49ರ ಜನವರಿಯಲ್ಲಿ ಸೀಸರ್ ರುಬಿಕಾನ್ ನದಿ ದಾಟಿದ. ಟ್ರಿಬ್ಯೂನರ ಹಕ್ಕನ್ನು ಸೆನೆಟ್ ತುಳಿದಿದೆ, ಅದನ್ನು ಉಳಿಸಲು ಬಂದೆ ಎಂಬುದು ಅವನು ಕೊಟ್ಟ ಕಾರಣಗಳಲ್ಲಿ ಒಂದು. ರೋಮಿಗೆ ಬಂದು ಶನಿದೇವರ ಗುಡಿಯಲ್ಲಿದ್ದ ಖಜಾನೆಯನ್ನು ತೆರೆಯ ಹೊರಟಾಗ ಅಡ್ಡ ನಿಂತವನು ಒಬ್ಬನೇ, ಆ ವರ್ಷದ ಟ್ರಿಬ್ಯೂನ್ ಲೂಸಿಯಸ್ ಮೆಟೆಲ್ಲಸ್. ಬೀಗದ ಕೈ ಸಿಗದೆ ಕಮ್ಮಾರರನ್ನು ಕರೆಸಿದಾಗಲೂ ಅವನು ಕದಲಲಿಲ್ಲ. ಸೀಸರ್ ದನಿ ಏರಿಸಿ, ನಿನ್ನನ್ನು ಕೊಲ್ಲುವುದಕ್ಕಿಂತ ಕೊಲ್ಲುತ್ತೇನೆಂದು ಹೇಳುವುದೇ ನನಗೆ ಕಷ್ಟ ಎಂಬ ಅರ್ಥದ ಮಾತಾಡಿದನೆಂದು ಪ್ಲುಟಾರ್ಕ್ ಹೇಳುತ್ತಾನೆ. ಮೆಟೆಲ್ಲಸ್ ಪಕ್ಕಕ್ಕೆ ಸರಿದ. ಟಾರ್ಪೀಯನ್ ಬಂಡೆಯ ಬಳಿ ಮೆಸಿಡೋನಿಕಸನ ಮಕ್ಕಳು ಮುಟ್ಟಲು ಅಂಜಿದ್ದ ಹುದ್ದೆ ಅದು.

ಪಿತೃಭಕ್ತ ಪಿಯಸನಿಗೆ ಮಕ್ಕಳಿರಲಿಲ್ಲ. ಅವನು ದತ್ತು ತೆಗೆದುಕೊಂಡದ್ದು ಸಿಪಿಯೊ ವಂಶದ ಪೆಟ್ರೀಷಿಯನ್ ಕುಡಿಯನ್ನು. ಮೆಟೆಲ್ಲಸ್ ಸಿಪಿಯೊ ಎನಿಸಿಕೊಂಡ ಅವನು ಪಾಂಪೆಯ ಮಾವ. ಪಾಂಪೆ ಸತ್ತ ಮೇಲೆ ಆಫ್ರಿಕದಲ್ಲಿ ಸೈನ್ಯ ಕಟ್ಟಿ, ಆನೆಯ ಚಿತ್ರದ ನಾಣ್ಯ ಅಚ್ಚು ಹಾಕಿಸಿ, ನಿಜವಾದ ಆನೆಗಳನ್ನೂ ಮುಂದಿಟ್ಟುಕೊಂಡು ಕ್ರಿ.ಪೂ. 46ರಲ್ಲಿ ಥಾಪ್ಸಸ್ ಬಳಿ ಸೀಸರನನ್ನು ಎದುರಿಸಿದ. ಇನ್ನೂರು ವರ್ಷ ಹಿಂದೆ ಪನೋರ್ಮಸಿನಲ್ಲಿ ನಡೆದದ್ದೇ ಮತ್ತೆ ನಡೆಯಿತು, ಆದರೆ ಮೆಟೆಲ್ಲಸ್ ಈ ಸಲ ಆಚೆಯ ಬದಿಯಲ್ಲಿದ್ದ. ಗಾಯಗೊಂಡ ಆನೆಗಳು ತಿರುಗಿ ಅವನ ಸೈನ್ಯವನ್ನೇ ತುಳಿದವು. ಆನೆಗಳನ್ನು ಎದುರಿಸಿದ ಸೀಸರನ ಐದನೆಯ ಪಡೆ ಅಂದಿನಿಂದ ಆನೆಯನ್ನು ತನ್ನ ಧ್ವಜದ ಲಾಂಛನ ಮಾಡಿಕೊಂಡಿತು. ಸಮುದ್ರದಲ್ಲಿ ಶತ್ರುಗಳು ಹಡಗು ಹತ್ತಿ ಸೇನಾಪತಿ ಎಲ್ಲಿ ಎಂದು ಕೇಳಿದಾಗ, ಕತ್ತಿಯಿಂದ ಇರಿದುಕೊಂಡಿದ್ದ ಸಿಪಿಯೊ, ಸೇನಾಪತಿ ಕ್ಷೇಮವಾಗಿದ್ದಾನೆ ಎಂದು ಉತ್ತರಿಸಿದನಂತೆ.

ಅನಂತರ ಈ ಮನೆತನ ಇತಿಹಾಸದ ಪುಟಗಳಿಂದ ಮೆಲ್ಲನೆ ಸರಿಯುತ್ತದೆ. ಮೆಸಿಡೋನಿಕಸ್ ಕಟ್ಟಿಸಿದ ಕಂಬಸಾಲಿನ ಜಾಗದಲ್ಲಿ ಅಗಸ್ಟಸ್ ಹೊಸದನ್ನು ಕಟ್ಟಿಸಿ ಅದಕ್ಕೆ ತನ್ನ ಅಕ್ಕ ಆಕ್ಟೇವಿಯಳ ಹೆಸರಿಟ್ಟ. ಮೆಸಿಡೋನಿಕಸ್ ಸೆನ್ಸರ್ ಆಗಿದ್ದಾಗ ಎಲ್ಲರೂ ಮದುವೆಯಾಗಿ ಮಕ್ಕಳನ್ನು ಪಡೆಯಬೇಕೆಂದು ಮಾಡಿದ್ದ ಭಾಷಣವನ್ನು ಅದೇ ಅಗಸ್ಟಸ್, ಇಂದೇ ಬರೆದಂತಿದೆ ಎಂದು ಸೆನೆಟಿನಲ್ಲಿ ಓದಿಸಿದ.

ರೋಮಿನಿಂದ ದಕ್ಷಿಣಕ್ಕೆ ಹೊರಡುವ ಏಪಿಯನ್ ಹೆದ್ದಾರಿಯಲ್ಲಿ ಮೂರನೆಯ ಮೈಲಿಯ ಬಳಿ ದುಂಡಗಿನ ದೊಡ್ಡ ಸಮಾಧಿಯೊಂದು ಇಂದಿಗೂ ನಿಂತಿದೆ. ಅಡ್ಡಳತೆ ಸುಮಾರು 30 ಮೀಟರ್. 14ನೆಯ ಶತಮಾನದಲ್ಲಿ ಕೇಟಾನಿ ಎಂಬ ಶ್ರೀಮಂತ ಕುಟುಂಬ ಅದನ್ನೇ ಕೋಟೆಯ ಬುರುಜು ಮಾಡಿಕೊಂಡಿತ್ತು. ಮೇಲಂಚಿನಲ್ಲಿ ಕೆತ್ತಿದ ಎತ್ತಿನ ತಲೆಗಳಿಂದಾಗಿ ಆ ಸ್ಥಳಕ್ಕೆ ಎತ್ತಿನ ತಲೆ ಎಂದೇ ಹೆಸರು ಬಿದ್ದಿತು. ಒಳಗಿದ್ದವಳು ಕ್ರೀಟ್ ದ್ವೀಪವನ್ನು ಗೆದ್ದ ಕ್ವಿಂಟಸ್ ಮೆಟೆಲ್ಲಸ್ ಕ್ರೆಟಿಕಸನ ಮಗಳು. ಹಾದಿಯ ಕಡೆಗಿರುವ ಅಮೃತಶಿಲೆಯ ಮೇಲೆ ಮೂರೇ ಸಾಲಿನ ಬರಹವಿದೆ. ಅದರಲ್ಲಿ ಅವಳ ಕುಲದ ಹೆಸರಿದೆ, ತಂದೆಯ ಹೆಸರಿದೆ, ಗಂಡ ಕ್ರಾಸಸನ ಹೆಸರಿದೆ. ವಯಸ್ಸು ಎಷ್ಟಿತ್ತೆಂದು ಬರೆದಿಲ್ಲ.